ಐದು ದಿನದ ಹಾಜರಿ

ರೋಜೆಲ್ ಪೆಟಿಸ್ ಯಾವ ಕಾಗದಕ್ಕೂ ಮೂರು ಸಲ ಓದದೆ ಸಹಿ ಹಾಕುತ್ತಿರಲಿಲ್ಲ. ಒಗೆಯಲು ಕೊಟ್ಟ ಖಾಕಿ ಬಟ್ಟೆ ವಾಪಸು ಪಡೆಯುವ ಚೀಟಿಯಾಗಲಿ, ಹಲ್ಲಿನ ಡಾಕ್ಟರು ಮುಂದೆ ಸರಿಸುವ ಒಪ್ಪಿಗೆ ಪತ್ರವಾಗಲಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಸಾಲಿನ ಕೆಳಗೆ ಬೆರಳು ಸರಿಸುತ್ತ, ತುಟಿ ಅಲುಗಿಸುತ್ತ ಓದುತ್ತಿದ್ದ. ಹಿಂದೆ ಸಾಲುಗಟ್ಟಿ ನಿಂತವರಲ್ಲಿ ಯಾರಾದರೂ, "ತಾತ, ಅದು ಬನಿಯನ್ನಿನ ಚೀಟಿ, ಉಯಿಲಲ್ಲ" ಎಂದು ಕೂಗುತ್ತಿದ್ದರು.

"ಉಯಿಲಾದ್ರೆ ಓದ್ತಾನೇ ಇರ್ಲಿಲ್ಲ. ಅದು ಕೆಲಸಕ್ಕೆ ಬರೋ ಹೊತ್ಗೆ ನಾನಿರಲ್ಲ" ಎಂದು ತಿರುಗಿಯೂ ನೋಡದೆ ಹೇಳಿ, ಮೂರನೆಯ ಸಲ ಮೊದಲಿನಿಂದ ಶುರುಮಾಡುತ್ತಿದ್ದ.

ಅವನಿಗೆ ಅರವತ್ತೊಂದು. ಶಿಕ್ಷೆ ನಲವತ್ತು ವರ್ಷದ್ದು, ಇಪ್ಪತ್ತೇಳು ಕಳೆದಿದ್ದವು. ಕೊನೆಯ ಒಂಬತ್ತು ವರ್ಷ ಕೆಂಟಕಿಯ ಕೋಲ್ಟರ್ ರಿಜ್‌ನಲ್ಲಿ. ಕಲ್ಲಿದ್ದಲಿಗಾಗಿ ಬೆಟ್ಟದ ನೆತ್ತಿ ಕತ್ತರಿಸಿ, ಇದ್ದದ್ದನ್ನೆಲ್ಲ ಬಗೆದು ತೆಗೆದಮೇಲೆ ಉಳಿದ ಬೋಳು ಬಯಲಿನಲ್ಲಿ ಫೆಡರಲ್ ಸರ್ಕಾರ ಗಂಡಸರಿಗೆಂದು ಕಟ್ಟಿದ ಮಧ್ಯಮ ಭದ್ರತೆಯ ಜೈಲು ಅದು. ಎರಡು ಸುತ್ತಿನ ಮುಳ್ಳುತಂತಿ, ಹನ್ನೆರಡು ನೂರು ಜನ. ಅವರಲ್ಲೊಬ್ಬ, ಹೋಬಾರ್ಟ್ ಸ್ಲೋನ್ ಎಂಬ ಐವತ್ತೆರಡು ವರ್ಷದ ಬಿಳಿಯ, ಪ್ರಾಯದಲ್ಲಿ ಇದೇ ಬೆಟ್ಟದಲ್ಲಿ ಗಣಿ ಕೆಲಸ ಮಾಡಿದವನು. "ಆಗ ನಾನು ಇದನ್ನ ತಿಂದೆ, ಈಗ ಇದು ನನ್ನ ತಿಂತಿದೆ" ಎನ್ನುತ್ತಿದ್ದ.

ರೋಜೆಲ್‌ಗೆ ಈ ಓದುವ ಹಟ ಹುಟ್ಟಿನಿಂದ ಬಂದದ್ದಲ್ಲ. ಅರ್ಕಾನ್ಸಾದ ಹತ್ತಿ ಬಯಲಿನ ಶಾಲೆಯೊಂದು ಅವನಿಗೆ ಹನ್ನೆರಡನೆಯ ತರಗತಿ ಪಾಸಾದ ಪ್ರಮಾಣಪತ್ರ ಕೊಟ್ಟಿತ್ತು. ಆಗ ಅವನಿಗೆ ತನ್ನ ಹೆಸರು ಬಿಟ್ಟರೆ ಬೇರೇನೂ ಓದಲು ಬರುತ್ತಿರಲಿಲ್ಲ. ಫುಟ್‌ಬಾಲ್ ತಂಡಕ್ಕೆ ಅವನ ಭುಜ ಬೇಕಿತ್ತು, ಮಾಸ್ತರರು ಹಾಜರಿ ಹಾಕಿ ಮುಂದಿನ ತರಗತಿಗೆ ದಾಟಿಸಿದರು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಮಾದಕ ವಸ್ತುವಿನ ಮೊಕದ್ದಮೆಯಲ್ಲಿ ಸಿಕ್ಕಿಬಿದ್ದಾಗ, ಅವನ ಪರ ವಾದಿಸಲು ಸರ್ಕಾರ ಕೊಟ್ಟ ವಕೀಲ ಹದಿನಾಲ್ಕು ಪುಟದ ತಪ್ಪೊಪ್ಪಿಗೆ ಕರಾರನ್ನು ಮುಂದಿಟ್ಟು, ಹಳದಿ ಚೀಟಿ ಅಂಟಿಸಿದ ಕಡೆಯೆಲ್ಲ ಸಹಿ ಹಾಕು ಎಂದ. ಪಕ್ಕದಲ್ಲಿ ಅಕ್ಕ ಓಷಿ ಕೂತಿದ್ದಳು. "ವಕೀಲರಿಗೆ ಗೊತ್ತಿರ್ತದೆ, ಹಾಕು ರೋಜ್" ಎಂದಳು. ಹಾಕಿದ.

ಜೈಲಿಗೆ ಬಂದು ಐದು ವರ್ಷದ ನಂತರ ಅಕ್ಷರ ಕಲಿತ. ಮೊದಲಿನಿಂದ ಕೊನೆಯವರೆಗೆ ಅವನು ಓದಿ ಮುಗಿಸಿದ ಮೊದಲ ಬರಹ ಆ ಹದಿನಾಲ್ಕು ಪುಟ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಹತ್ತೊಂಬತ್ತು ದಿನ ಹಿಡಿಯಿತು. ಒಂಬತ್ತನೆಯ ಪುಟದಲ್ಲಿ, ಇಡೀ ಗುಂಪಿಗೆ ತಾನೇ ನಾಯಕನೆಂದು ಒಪ್ಪಿಕೊಂಡದ್ದು ಕಂಡಿತು. ಅವನು ಓಡಿಸುತ್ತಿದ್ದದ್ದು ಒಂದು ಹಳೆಯ ವ್ಯಾನು. ಅವನು ಅಪರಾಧ ಮಾಡಿರಲಿಲ್ಲವೆಂದಲ್ಲ, ಮಾಡಿದ್ದ. ಆದರೆ ನಲವತ್ತು ವರ್ಷ ಬಂದದ್ದು ಆ ಒಂದು ಸಾಲಿನಿಂದ. ಮೇಲ್ಮನವಿ ಸಲ್ಲಿಸುವುದಿಲ್ಲವೆಂಬುದೂ ಅದರ ಕೆಳಗೇ ಇತ್ತು, ಅವನದೇ ಸಹಿಯೊಂದಿಗೆ.

ಆಮೇಲೆ ಅವನು ಓದು ಬಾರದ ಕೈದಿಗಳಿಗೆ ಓದು ಹೇಳಿಕೊಡುವ ಸಹಾಯಕನಾದ. ಕೋಲ್ಟರ್ ರಿಜ್‌ನ ಶಿಕ್ಷಣ ವಿಭಾಗದಲ್ಲಿ ಅವನ ಕೈಕೆಳಗೆ ಇಪ್ಪತ್ತೆರಡು ಜನರಿದ್ದರು. ಊಟದ ಮನೆಯಲ್ಲಿ ಕರಿಯರು ಒಂದು ಕಡೆ, ಬಿಳಿಯರು ಇನ್ನೊಂದು ಕಡೆ, ಮೆಕ್ಸಿಕನ್ನರು ಮತ್ತೊಂದು ಕಡೆ ಕೂರುತ್ತಾರೆ. ತಪ್ಪಿ ಇನ್ನೊಬ್ಬರ ಮೇಜಿಗೆ ಕೂತರೆ ತಟ್ಟೆ ಹಾರುತ್ತದೆ. ರೋಜೆಲ್‌ನ ಕೋಣೆಯಲ್ಲಿ ಮಾತ್ರ ಯಾರಿಗೆ ಯಾವ ಅಕ್ಷರದಲ್ಲಿ ತೊಡಕೋ ಆ ಲೆಕ್ಕದಲ್ಲಿ ಕೂರಿಸುತ್ತಿದ್ದ. ಹೋಬಾರ್ಟ್‌ನ ಪಕ್ಕಕ್ಕೆ ಡೆಟ್ರಾಯಿಟ್‌ನ ಮಾರ್ಸೆಲ್ ಗ್ರೀರ್. ಮೂವತ್ತು ದಾಟಿದ, ಮೂಗಿನ ತುದಿಯಲ್ಲೇ ಕೋಪವಿದ್ದ ಮನುಷ್ಯ. ಇಬ್ಬರೂ ಹಗಲೆಲ್ಲ ಜಗಳವಾಡುತ್ತ ಒಂದೇ ಪುಸ್ತಕ ನೋಡುತ್ತಿದ್ದರು.

ವರ್ಷದಿಂದ ಆಗಾಗ ಬೀಳುತ್ತಿದ್ದ ಬೀಗ ಆ ವಸಂತದಲ್ಲಿ ಕೋಣೆಗೆ ಹೆಚ್ಚುಕಡಿಮೆ ಕಾಯಮ್ಮಾಗಿ ಬಿತ್ತು. ಕಾವಲಿಗೆ ಜನ ಸಾಲದೆ, ಶಿಕ್ಷಣ ವಿಭಾಗದ ಮುಖ್ಯಸ್ಥ ಹ್ಯಾಲರ್‌ನನ್ನೂ ಅವನ ಮೇಷ್ಟ್ರುಗಳನ್ನೂ ಬ್ಲಾಕುಗಳಲ್ಲಿ ಬೀಗದ ಕೈ ಹಿಡಿದು ನಿಲ್ಲಲು ಕಳಿಸಿದರು. ಕೈದಿಗಳ ಓಡಾಟಕ್ಕೆಂದು ಗಂಟೆಗೊಮ್ಮೆ ಹತ್ತು ನಿಮಿಷ ಬ್ಲಾಕಿನ ಬಾಗಿಲುಗಳು ತೆರೆದಾಗ ರೋಜೆಲ್‌ನ ಇಪ್ಪತ್ತೆರಡು ಜನ ಪುಸ್ತಕ ಹಿಡಿದು ಬರುವುದು, ಬೀಗ ನೋಡುವುದು, ಹಿಂದಕ್ಕೆ ಹೋಗುವುದು. ಎಂಟು ವಾರದಲ್ಲಿ ಕೋಣೆ ತೆರೆದದ್ದು ಐದು ದಿನ.

ಮೇ ತಿಂಗಳಲ್ಲಿ ಮೇಲಿನವರು ತಪಾಸಣೆಗೆ ಬರುವ ಸುದ್ದಿ ಬಂತು. ಹ್ಯಾಲರ್ ರೋಜೆಲ್‌ನನ್ನು ಕರೆಸಿ ಒಂದು ಕಟ್ಟು ಕಾಗದ ಮುಂದಿಟ್ಟ.

"ಕೂತ್ಕೋ ಪೆಟಿಸ್. ನಲವತ್ತು ಹಾಳೆ ಇದೆ. ಕೆಳಗಡೆ ಸೈನ್ ಹಾಕು, ಸಾಕು."

ರೋಜೆಲ್ ಕನ್ನಡಕ ಇಳಿಸಿದ. ಹಾಜರಿ ಹಾಳೆಗಳು, ದಿನಕ್ಕೊಂದು. ಮೇಲೆ ತಾರೀಕು, ಮೇಷ್ಟ್ರ ಹೆಸರು, ಪಾಠದ ವಿಷಯ, ನಡುವೆ ಇಪ್ಪತ್ತೆರಡು ಹೆಸರು, ಅಡಿಯಲ್ಲಿ 'ಮೇಲೆ ಹೇಳಿದ ತರಗತಿ ಎರಡು ಗಂಟೆ ಕಾಲ ನಡೆದಿದೆ' ಎಂಬ ಸಾಲು, ಅದರ ಕೆಳಗೆ ಸಹಾಯಕನ ಸಹಿಗೆ ಜಾಗ. ಹ್ಯಾಲರ್ ಗಡಿಯಾರ ನೋಡಿದ, ಕಾಫಿ ಕುಡಿದ, ಮತ್ತೆ ಗಡಿಯಾರ ನೋಡಿದ.

"ಸರ್, ಹನ್ನೊಂದನೇ ತಾರೀಕು ನೀವು ಬಿ ಬ್ಲಾಕ್ ಬಾಗಿಲಲ್ಲಿ ನಿಂತಿದ್ರಿ. ನಾನೇ ನಮಸ್ಕಾರ ಹೇಳಿದ್ದೆ."

"ಹೌದು, ಈಗೇನು?"

"ಇಲ್ಲಿ ನೀವು ಭಿನ್ನರಾಶಿ ಕಲಿಸಿದ್ರಿ ಅಂತಿದೆ."

ಹ್ಯಾಲರ್ ಕೆಟ್ಟವನಲ್ಲ. ಇಪ್ಪತ್ತು ವರ್ಷದ ಹಿಂದೆ ಪಾಠ ಹೇಳಲೆಂದೇ ಈ ಕೆಲಸಕ್ಕೆ ಬಂದವನು. ಈಗ ಸೊಂಟದಲ್ಲಿ ಬೀಗದ ಕೈಗೊಂಚಲು ತೂಗಿಸಿಕೊಂಡು ಮಂಡಿನೋವಿನಿಂದ ಕುಂಟುತ್ತಿದ್ದ. ದನಿ ತಗ್ಗಿಸಿ ಹೇಳಿದ: "ಇದರಲ್ಲಿ ನಷ್ಟ ಯಾರಿಗೆ, ನೀನೇ ಹೇಳು. ಹಾಜರಿ ಇದ್ರೆ ನಿನ್ನ ಜನಕ್ಕೆ ಶಿಕ್ಷೆಯಲ್ಲಿ ಹದಿನೈದು ದಿನ ಕಡಿಮೆ ಆಗ್ತದೆ. ನನ್ನ ತಲೆ ಉಳೀತದೆ. ನಿನ್ನ ಅರ್ಕಾನ್ಸಾ ವರ್ಗಾವಣೆನೂ ಇದೇ ತಿಂಗಳು ತಾನೆ?"

ಆ ಕೊನೆಯ ಮಾತನ್ನು ಬೇಕೆಂದೇ ಆಡಿದ್ದ. ಅರ್ಕಾನ್ಸಾದ ಕಡಿಮೆ ಭದ್ರತೆಯ ಜೈಲೊಂದಕ್ಕೆ ರೋಜೆಲ್‌ನನ್ನು ಕಳಿಸುವ ಕಾಗದ ಹೊರಡಲು ಎರಡು ವಾರವಿತ್ತು. ಅಲ್ಲಿಂದ ಓಷಿಯ ಮನೆಗೆ ಕಾರಿನಲ್ಲಿ ಒಂದು ಗಂಟೆ. ಓಷಿಗೆ ಎಪ್ಪತ್ತೊಂಬತ್ತು, ವಾರಕ್ಕೆ ಮೂರು ದಿನ ಡಯಾಲಿಸಿಸ್. ಕೋಲ್ಟರ್ ರಿಜ್‌ಗೆ ಬರಬೇಕಾದರೆ ಹನ್ನೆರಡು ಗಂಟೆಯ ಹಾದಿ. ಅಕ್ಕ ತಮ್ಮ ಮುಖ ನೋಡಿ ಆರು ವರ್ಷವಾಗಿತ್ತು. ಒಂದು ಶಿಸ್ತು ವರದಿ ಬಿದ್ದರೆ ವರ್ಗಾವಣೆ ಒಂದೂವರೆ ವರ್ಷ ಹಿಂದಕ್ಕೆ ಹೋಗುತ್ತದೆ. ಓಷಿಗೆ ಒಂದೂವರೆ ವರ್ಷ ಇದೆಯೆಂದು ಡಾಕ್ಟರು ಹೇಳುತ್ತಿರಲಿಲ್ಲ.

"ಐದು ಹಾಳೆ ಕೊಡಿ. ಹಾಕ್ತೀನಿ" ಎಂದ ರೋಜೆಲ್.

"ಐದಲ್ಲ, ನಲವತ್ತು."

"ಬಾಗಿಲು ತೆಗೆದದ್ದು ಐದೇ ದಿನ ಸರ್."

"ನಾಳೆ ಬೆಳಿಗ್ಗೆವರೆಗೆ ಟೈಮ್ ಕೊಡ್ತೀನಿ" ಎಂದು ಹ್ಯಾಲರ್ ಕಾಗದ ಎಳೆದುಕೊಂಡ. "ಹಾಕದಿದ್ರೆ ಅದು ಆದೇಶ ಉಲ್ಲಂಘನೆ. ನಾನು ಬರೀಲೇಬೇಕಾಗ್ತದೆ."

ಜೈಲಿನಲ್ಲಿ ಸುದ್ದಿಗೆ ಬಾಗಿಲ ಹಂಗಿಲ್ಲ. ನಾಲ್ಕು ಗಂಟೆಗೆ ಎಲ್ಲರೂ ತಂತಮ್ಮ ಕೋಣೆಯಲ್ಲಿ ಎದ್ದು ನಿಂತು ತಲೆ ಎಣಿಸಿಕೊಳ್ಳುವ ಹೊತ್ತಿಗೆ ಇಡೀ ಬ್ಲಾಕಿಗೆ ವಿಷಯ ತಿಳಿದಿತ್ತು. ಎಣಿಕೆ ಮುಗಿದು ಬಾಗಿಲು ತೆರೆದದ್ದೇ ಮಾರ್ಸೆಲ್, ನೆಲಕ್ಕೆ ಬೋಲ್ಟ್ ಹಾಕಿದ ಉಕ್ಕಿನ ಮೇಜುಗಳ ನಡುವೆ ನುಗ್ಗಿ ಬಂದು ರೋಜೆಲ್‌ನ ಎದುರಿಗೆ ನಿಂತ.

"ಎರಡು ಗೀರು ಎಳೆಯೋಕೆ ನಿಂಗೇನು ರೋಗ ತಾತ? ಹದಿನೈದು ದಿನ ಮುಂಚೆ ಬಿಟ್ರೆ ಮಗಳ ಹುಟ್ಟಿದಬ್ಬಕ್ಕೆ ಮನೇಲಿರ್ತೀನಿ. ಹನ್ನೊಂದು ತುಂಬ್ತದೆ. ಒಂದು ಹುಟ್ಟಿದಬ್ಬಕ್ಕೂ ಹೋಗಿಲ್ಲ ನಾನು."

"ನೀನು ಕ್ಲಾಸಿಗೆ ಬಂದು ಎಷ್ಟು ತಿಂಗಳಾಯ್ತು?"

"ಹದಿನಾಲ್ಕು. ಅದಕ್ಕೂ ಇದಕ್ಕೂ ಏನು?"

ರೋಜೆಲ್ ಮಾಡಬಾರದ ಕೆಲಸ ಮಾಡಿದ. ಎದುರಿಗಿದ್ದ ಬೈಬಲ್ಲನ್ನೋ ವಾರಪತ್ರಿಕೆಯನ್ನೋ ತೆಗೆದುಕೊಂಡಿದ್ದರೆ ಅವಮಾನ ಅಷ್ಟಿರುತ್ತಿರಲಿಲ್ಲ. ಅವನು ಗೋಡೆಗೆ ಅಂಟಿಸಿದ್ದ ಊಟದ ಪಟ್ಟಿಗೆ ಬೆರಳು ತೋರಿಸಿದ. "ಅದನ್ನ ಓದು. ನಾಳೆ ಏನು ಊಟ ಅಂತ ಹೇಳು. ಓದಿದ್ರೆ ನಲವತ್ತಕ್ಕೂ ಸೈನ್ ಹಾಕ್ತೀನಿ."

ಅರವತ್ತು ಜನ ತಿರುಗಿ ನೋಡಿದರು. ಮಾರ್ಸೆಲ್ ಪಟ್ಟಿಯ ಕಡೆ ನೋಡಿದ. ಮೊದಲ ಅಕ್ಷರದಲ್ಲೇ ಅವನ ತುಟಿ ನಿಂತುಹೋಯಿತು. ಹಿಂದಿನಿಂದ ಯಾರೋ, "ಕೋಳಿ ಅನ್ನಪ್ಪ, ಗುರುವಾರ ಯಾವಾಗ್ಲೂ ಕೋಳೀನೇ" ಎಂದ. ನಗೆ ಎದ್ದಿತು. ಮಾರ್ಸೆಲ್‌ನ ಕತ್ತಿನ ನರ ಉಬ್ಬಿತು. ಹೋಬಾರ್ಟ್ ಎಲ್ಲಿದ್ದನೋ, ತನ್ನ ಅಗಲ ಮೈಯನ್ನು ಇಬ್ಬರ ನಡುವೆ ತಂದು ನಿಲ್ಲಿಸಿ, "ನಡಿ ಮಾರ್ಸೆಲ್, ಇಲ್ಲಿ ಬೇಡ, ಕ್ಯಾಮೆರಾ ಇದೆ" ಎಂದು ಎಳೆದುಕೊಂಡು ಹೋದ. ಮರಳಿ ಬಂದು ರೋಜೆಲ್‌ನನ್ನೂ ಬಿಡಲಿಲ್ಲ.

"ನಿನ್ನ ಹದಿನಾಲ್ಕು ಪುಟ ನೀನು ಯಾರ ಮುಂದೆ ಓದಿದ್ದೆ ತಾತ?"

"ಯಾರ ಮುಂದೂ ಇಲ್ಲ."

"ಮತ್ತೆ?" ಎಂದು ಹೋಬಾರ್ಟ್ ತನ್ನ ಕೋಣೆಗೆ ಹೋದ.

ಬೆಳಿಗ್ಗೆ ಉಪ್ಪಿಟ್ಟಿನಂಥ ಜೋಳದ ಗಂಜಿ ತಿಂದು ಬಂದಮೇಲೆ ರೋಜೆಲ್ ತನ್ನ ಉಕ್ಕಿನ ಮೂತಿಯ ಬೂಟು ಬಿಚ್ಚಿದ. ಜೈಲಿನಲ್ಲಿ ಎದ್ದ ಕೂಡಲೇ ಬೂಟು ಕಟ್ಟಿಕೊಳ್ಳುವುದು ರೂಢಿ. ಜಗಳ ನಿರೀಕ್ಷಿಸುವವನು ಲಾಡಿಯನ್ನು ಎರಡು ಗಂಟು ಬಿಗಿಯುತ್ತಾನೆ. ಸ್ನಾನಕ್ಕೆ ಹಾಕುವ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಇಡೀ ಬ್ಲಾಕಿನ ಕಣ್ಣೆದುರು ಮೇಲಂತಸ್ತಿನ ಮೆಟ್ಟಿಲು ಹತ್ತಿ ಅವನು ಮಾರ್ಸೆಲ್‌ನ ಬಾಗಿಲಿಗೆ ಹೋದ. ಮಾರ್ಸೆಲ್ ಮಂಚದ ಮೇಲೆ ಕೂತಿದ್ದ. ಬೂಟಿನ ಲಾಡಿಗೆ ಎರಡು ಗಂಟು.

ಅವನ ಕಣ್ಣು ರೋಜೆಲ್‌ನ ಕಾಲಿಗೆ ಇಳಿಯಿತು. "ಚಪ್ಪಲೀಲಿ ಬಂದಿದ್ದೀಯ."

"ಹೌದು. ನಿನ್ನೆ ತಪ್ಪು ಮಾಡಿದೆ. ಎಲ್ಲರ ಮುಂದೆ ಮಾಡಿದೆ, ಅದಕ್ಕೆ ಎಲ್ಲರ ಮುಂದೆ ಹತ್ತಿ ಬಂದೆ."

"ಹಾಗಾದ್ರೆ ಸೈನ್ ಹಾಕ್ತೀಯ?"

"ಇಲ್ಲ."

ಮಾರ್ಸೆಲ್‌ಗೆ ನಗು ಬಂತು, ಬರಬಾರದಿತ್ತು, ಬಂತು. "ನಿನ್ನಂಥ ಮುದಿ ಕತ್ತೇನ ನಾನು ನೋಡೇ ಇಲ್ಲ ಕಣೋ ತಾತ. ಸಾರಿ ಕೇಳೋಕೂ ಬಂದು 'ಇಲ್ಲ' ಅಂತಾನೆ."

"ಹದಿನಾಲ್ಕು ತಿಂಗಳಾದ್ರೂ ನಿಂಗೆ ಊಟದ ಪಟ್ಟಿ ಓದೋಕೆ ಬರಲ್ಲ. ಅದು ನಿನ್ನ ತಪ್ಪಲ್ಲ. ಬೀಗ ಹಾಕಿರೋ ಕೋಣೇಲಿ ಯಾರು ಕಲೀತಾರೆ? ಆದ್ರೆ ಆ ಹಾಳೆ ನೀನು ಕಲ್ತೆ ಅನ್ನುತ್ತೆ. ನನ್ನ ಶಾಲೆನೂ ಹಾಗೇ ಅಂತು. ಆಮೇಲೆ ವಕೀಲ ಒಂದು ಕಾಗದ ಕೊಟ್ಟ. ನನ್ನ ಬಾಯಿಗೆ ಬೀಗ ಹಾಕಿದ್ದು ಆ ವಕೀಲ ಅಲ್ಲ, ಅವನಿಗಿಂತ ಮುಂಚೆ ಹಾಜರಿ ಹಾಕಿದ ಮೇಷ್ಟ್ರು."

ಮಾರ್ಸೆಲ್ ಬಗ್ಗಿ, ಮಂಚದ ಕೆಳಗಿನಿಂದ ಮಡಿಕೆ ಸವೆದ ಒಂದು ಕಟ್ಟು ತೆಗೆದ. ಅವನ ತಪ್ಪೊಪ್ಪಿಗೆ ಕರಾರು. "ಇದರಲ್ಲೇನಿದೆ ಹೇಳು."

"ನಾನು ಓದಲ್ಲ. ನೀನು ಓದು."

"ಬರಲ್ಲ ಅಂದ್ನಲ್ಲ!"

"ನಿನ್ನ ಹೆಸರು ಗೊತ್ತಾಗ್ತದಲ್ಲ? ಅದು ಎಲ್ಲೆಲ್ಲಿದೆ ಹುಡುಕು. ಮೊದ್ಲು ಅಷ್ಟೇ. ಅದರ ಮುಂದಿನ ಪದ ಏನು ಅಂತ ಸಂಜೆ ನೋಡೋಣ." ಎಂಟು ಗಂಟೆಯ ಬಾಗಿಲು ತೆರೆಯುವ ಕೂಗು ಕೇಳಿತು. ರೋಜೆಲ್ ಇಳಿದು ಬಂದು ಬೂಟು ಹಾಕಿಕೊಂಡು ಹ್ಯಾಲರ್‌ನ ಕಚೇರಿಗೆ ನಡೆದ.

ಹ್ಯಾಲರ್ ಕಟ್ಟು ಸರಿಸಿದ. ರೋಜೆಲ್ ಮತ್ತೆ ಓದಿದ. ಬಾಗಿಲು ತೆರೆದಿದ್ದ ಐದು ದಿನದ ಹಾಳೆಗಳನ್ನು ಆರಿಸಿ ಸಹಿ ಹಾಕಿ, ಮಿಕ್ಕ ಮೂವತ್ತೈದನ್ನು ಅಂಚು ಸರಿಮಾಡಿ ಹಿಂದಕ್ಕೆ ಕೊಟ್ಟ.

"ಹುಚ್ಚನ ಹಾಗೆ ಆಡ್ಬೇಡ ಪೆಟಿಸ್. ನಿನ್ನ ಅಕ್ಕನ್ನ ನೆನೆಸ್ಕೋ."

"ಅವಳನ್ನ ಬಿಡಿ ಸರ್. ಅವಳ ಹೆಸರು ಈ ಹಾಳೇಲಿಲ್ಲ."

ನಾಲ್ಕು ದಿನಕ್ಕೆ ವಿಚಾರಣೆ ನಡೆಯಿತು. ಕೈದಿಗಳ ಕಡತ ನೋಡಿಕೊಳ್ಳುವ ಮಿಸ್ ಡೋರ್ಸಿ ಮೇಜಿನ ಹಿಂದೆ ಕೂತಿದ್ದಳು. ವರ್ಗಾವಣೆಯ ಅರ್ಜಿ ಟೈಪು ಮಾಡಿದವಳೂ ಅವಳೇ. ಶಿಸ್ತು ವರದಿಯನ್ನು ಅವನ ಕಡೆ ತಿರುಗಿಸಿದಳು. ಅವನು ಒಂದು ಸಲ ಓದಿದ. ಎರಡು ಸಲ ಓದಿದ. ಮೂರನೆಯ ಸಲಕ್ಕೆ ಅವಳೇ, "ಪೆಟಿಸ್, ಅದು ನಾಲ್ಕೇ ಸಾಲಿದೆ" ಎಂದಳು.

"ಹೌದು ಮೇಡಂ. ನಾಲ್ಕೂ ನಿಜ." ವರದಿಯಲ್ಲಿ, ಕೈದಿಯು ಹಾಜರಿ ಹಾಳೆಗಳಿಗೆ ಸಹಿ ಹಾಕುವಂತೆ ಆದೇಶಿಸಿದರೂ ಮೂವತ್ತೈದಕ್ಕೆ ನಿರಾಕರಿಸಿದನೆಂದಿತ್ತು. ಪೆನ್ನು ಎತ್ತಿಕೊಂಡು ಪೂರ್ತಿ ಹೆಸರನ್ನು ದುಂಡಗೆ ಬರೆದ. "ಈ ಜೈಲಿನಲ್ಲಿ ನನ್ನ ಮುಂದೆ ಇಟ್ಟ ಕಾಗದಗಳಲ್ಲಿ ಇಷ್ಟು ಸ್ಪಷ್ಟವಾಗಿರೋದು ಇದೊಂದೇ. ಒಂದು ಪ್ರತಿ ನಂಗೂ ಕೊಡಿ."

ಮಿಸ್ ಡೋರ್ಸಿ ತಲೆ ತಗ್ಗಿಸಿ ಪ್ರತಿ ಹರಿದು ಕೊಟ್ಟಳು. "ಇದರಿಂದ ಏನಾಗ್ತದೆ ಗೊತ್ತಲ್ಲ?"

"ಗೊತ್ತು."

ವರ್ಗಾವಣೆ ರದ್ದಾಯಿತು. ಪಾಠದ ಕೆಲಸ ಹೋಯಿತು. ರೋಜೆಲ್‌ನನ್ನು ಅಡುಗೆಮನೆಯ ಹಿಂಬದಿಯಲ್ಲಿ, ಮನುಷ್ಯ ಕೂರುವಷ್ಟು ದೊಡ್ಡ ಹಂಡೆಗಳನ್ನು ತಿಕ್ಕುವ ಕೆಲಸಕ್ಕೆ ಹಾಕಿದರು. ಬಿಸಿನೀರಿನ ಹಬೆಗೆ ಕನ್ನಡಕ ಮಂಜಾಗುತ್ತಿತ್ತು. "ತಾತ, ಹಂಡೆ ತಳದಲ್ಲಿ ಏನು ಬರ್ದಿದೆ, ಓದಿ ಹೇಳು" ಎಂದು ಅಲ್ಲಿನವರು ರೇಗಿಸಿದರೆ, "ನೀನು ಅಡುಗೆ ಸೀದಿಸ್ದೆ ಅಂತ ಬರ್ದಿದೆ" ಎನ್ನುತ್ತಿದ್ದ.

ಹ್ಯಾಲರ್ ಬೇರೊಬ್ಬ ಸಹಾಯಕನನ್ನು ಹಿಡಿದು ಉಳಿದ ಮೂವತ್ತೈದು ಹಾಳೆಗೂ ಸಹಿ ಹಾಕಿಸಿಕೊಂಡ. ಹೊಸಬನ ಸಹಿಯಷ್ಟೇ ಸಾಲದೆಂದು ತೋರಿರಬೇಕು, ಇಪ್ಪತ್ತೆರಡು ಜನರೂ ತಂತಮ್ಮ ಹೆಸರಿನ ಮುಂದೆ ನಲವತ್ತು ದಿನಕ್ಕೂ ಸಹಿ ಹಾಕಬೇಕೆಂದ. ತಪಾಸಣೆಗೆ ನಾಲ್ಕು ದಿನ ಉಳಿದಿತ್ತು. ಶಿಕ್ಷಣ ವಿಭಾಗದ ಬಾಗಿಲು ಅಂದು ಬಹಳ ದಿನದ ಮೇಲೆ ತೆರೆಯಿತು.

ಮುಂದೆ ನಡೆದದ್ದನ್ನು ರೋಜೆಲ್‌ಗೆ ಹೇಳಿದ್ದು ಹೋಬಾರ್ಟ್, ಹಂಡೆ ಕೋಣೆಯ ಕಿಟಕಿಯಲ್ಲಿ ತಟ್ಟೆ ವಾಪಸು ಕೊಡುವ ನೆಪದಲ್ಲಿ.

"ಹನ್ನೆರಡು ಜನ ಕಣ್ಮುಚ್ಚಿ ಹಾಕಿದ್ರು ತಾತ. ಅವರನ್ನ ಬಯ್ಬೇಡ, ಅವರಿಗೂ ಮನೆ ಇದೆ. ನನ್ನ ಸರದಿ ಬಂತು. ನಾನು ಅಡಿಯ ಸಾಲು ಓದಿದೆ. ಹೆಚ್ಚೇನಿಲ್ಲ, ನಾಲ್ಕೈದು ನಿಮಿಷ ಹಿಡೀತು. ಹ್ಯಾಲರ್ ಮುಖ ನೋಡ್ಬೇಕಿತ್ತು ನೀನು. 'ಸ್ಲೋನ್, ನೀನು ಯಾವಾಗಿಂದ ಓದೋಕೆ ಶುರುಮಾಡ್ದೆ?' ಅಂದ. 'ಆ ಐದು ದಿನದಿಂದ ಸರ್' ಅಂದೆ."

"ಹಾಕಿದ್ಯಾ?"

"ಐದಕ್ಕೆ. ನನ್ನ ಹಿಂದೆ ಇದ್ದವರಲ್ಲಿ ಎಂಟು ಜನ ಹಾಗೇ ಮಾಡಿದ್ರು."

"ಮಾರ್ಸೆಲ್?"

ಹೋಬಾರ್ಟ್ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲೆ ಒಂದು ಸುತ್ತು ತಿರುಗಿಸಿದ. "ಅವನು ಪೆನ್ನು ಹಿಡ್ಕೊಂಡು ನಿಂತ. ನಿಂತೇ ಇದ್ದ. ಬೆರಳಿಟ್ಟು ಪದ ಪದ ಓದ್ತಿದ್ದ, ಬೆವರು ಇಳೀತಿತ್ತು. 'ನಡೆದಿದೆ' ಅನ್ನೋದಕ್ಕೆ ಬಂದು ನಿಂತ. ಹ್ಯಾಲರ್ ಹೇಳ್ದ, 'ಗ್ರೀರ್, ಮಗಳ ಹುಟ್ಟಿದಬ್ಬ ಅಂತಿದ್ದೆ.' ಆಗ ಇವನು ಬೈದ. ನಿನ್ನ ಹತ್ರ ಹೇಳೋ ಹಾಗಿಲ್ಲ, ಅಂಥ ಬೈಗುಳ. ಬೈದಿದ್ದು ನಿನ್ನನ್ನೇ, ಅವನನ್ನಲ್ಲ. ಬೈದು ಐದಕ್ಕೆ ಸೈನ್ ಹಾಕಿ, ಪೆನ್ನು ಎಸೆದು ಬಂದ."

ರೋಜೆಲ್ ಮಂಜಾದ ಕನ್ನಡಕ ಒರೆಸಿಕೊಂಡ. "ಸರಿಯಾಗೇ ಬೈದಿದ್ದಾನೆ" ಎಂದ.

ತಪಾಸಣೆಯವರು ಬಂದು ಹೋದರು. ಹತ್ತು ಜನರ ಖಾಲಿ ಗೆರೆಗಳ ಬಗ್ಗೆ ಅವರು ಹ್ಯಾಲರ್‌ನನ್ನು ಏನು ಕೇಳಿದರೋ ಕೈದಿಗಳಿಗೆ ತಿಳಿಯಲಿಲ್ಲ. ಜೂನ್‌ನಿಂದ ಕೋಣೆ ವಾರಕ್ಕೆ ಮೂರು ದಿನ ತೆರೆಯತೊಡಗಿತು, ಅಷ್ಟು ನಿಜ. ರೋಜೆಲ್‌ಗೆ ಅಲ್ಲಿ ಪ್ರವೇಶವಿರಲಿಲ್ಲ. ಮಾರ್ಸೆಲ್‌ನ ಮಗಳ ಹುಟ್ಟಿದಹಬ್ಬ ಅವನಿಲ್ಲದೆ ಆಯಿತು. ಅವನು ರೋಜೆಲ್‌ನ ಜೊತೆ ಎರಡು ವಾರ ಮಾತು ಬಿಟ್ಟ. ಆದರೆ ಪ್ರತಿ ಸಂಜೆ ಎಣಿಕೆ ಮುಗಿದಮೇಲೆ ಕರಾರಿನ ಕಟ್ಟನ್ನು ಉಕ್ಕಿನ ಮೇಜಿನ ಮೇಲೆ ಕುಕ್ಕಿ ಎದುರಿಗೆ ಕೂರುತ್ತಿದ್ದ, ಓದಲು ಬಾರದ ಪದಕ್ಕೆ ಮಾತಿಲ್ಲದೆ ಬೆರಳು ಒತ್ತುತ್ತಿದ್ದ. ರೋಜೆಲ್ ಆ ಪದವನ್ನು ಹೇಳುತ್ತಿರಲಿಲ್ಲ. ಮೊದಲ ಅಕ್ಷರದ ಧ್ವನಿ ಮಾತ್ರ ಕೊಡುತ್ತಿದ್ದ.

ಅಕ್ಕನಿಗೆ ಫೋನು ಮಾಡುವುದನ್ನು ಮಾತ್ರ ಅವನು ಮುಂದೂಡುತ್ತ ಬಂದಿದ್ದ. ವಿಚಾರಣೆಯಾಗಿ ಹನ್ನೆರಡನೆಯ ದಿನ, ಶನಿವಾರ ಮಧ್ಯಾಹ್ನ, ಗೋಡೆಯ ಫೋನಿಗೆ ಸಾಲು ನಿಂತ. ಒಂದು ಕರೆಗೆ ಹದಿನೈದು ನಿಮಿಷ.

"ಅಕ್ಕ, ನಾನು."

"ನಾನು ಅನ್ನೋದು ಗೊತ್ತು. ಯಾವಾಗ ಹೊರಡ್ತೀಯ? ಹಾಸಿಗೆ ಹೊದಿಕೆ ಒಗ್ದು ಇಟ್ಟಿದ್ದೀನಿ ಅಂತ ತಿಳ್ಕೋಬೇಡ, ನಿನ್ನ ಯಾರೂ ಮನೆಗೆ ಬಿಡಲ್ಲ ಅಂತ ನಂಗೂ ಗೊತ್ತು. ಸುಮ್ನೆ ಕೇಳ್ದೆ."

ಅವನು ಹೇಳಿದ. ಹಾಳೆ, ಹ್ಯಾಲರ್, ವರದಿ, ಒಂದೂವರೆ ವರ್ಷ. ಎಲ್ಲವನ್ನೂ ಬೇಗ ಬೇಗ, ಯಾವುದನ್ನೂ ಬಿಡದೆ. ನಡುವೆ ಯಂತ್ರದ ಹೆಂಗಸು ಬಾಯಿಹಾಕಿ, ಈ ಕರೆ ಫೆಡರಲ್ ಜೈಲಿನಿಂದ ಬಂದದ್ದೆಂದು ಹೇಳಿದಳು. "ಗೊತ್ತು ಕಣೇ, ಇಪ್ಪತ್ತೇಳು ವರ್ಷದಿಂದ ಅದನ್ನೇ ಹೇಳ್ತೀಯ" ಎಂದು ಓಷಿ ಅವಳನ್ನೂ ಗದರಿದಳು. ಅವನು ಹೇಳಿ ಮುಗಿಸಿದಮೇಲೆ ಕೇಳಿದಳು:

"ಸೈನ್ ಹಾಕ್ಲಿಲ್ಲ ತಾನೆ?"

"ಐದಕ್ಕೆ ಹಾಕಿದೆ. ಅವು ನಿಜ."

"ಆವತ್ತು ವಕೀಲನ ಕಚೇರೀಲಿ 'ಹಾಕು' ಅಂದೋಳು ನಾನು. ನಂಗೆ ಓದೋಕೆ ಬರ್ತಿತ್ತು ರೋಜ್. ಕನ್ನಡಕ ಬ್ಯಾಗಲ್ಲೇ ಇತ್ತು. ತೆಗೀಲಿಲ್ಲ."

"ಅಕ್ಕ, ಅದು ಈಗ್ಯಾಕೆ?"

"ಯಾಕೂ ಇಲ್ಲ. ಹೇಳಿರ್ಲಿಲ್ಲ, ಹೇಳ್ದೆ." ಏನೋ ಎಳೆದ ಸದ್ದು, ಡ್ರಾಯರಿನದಿರಬೇಕು. "ರಕ್ತ ತೊಳೆಯೋ ಮೆಷೀನು ನಿಮ್ಮ ಬೆಟ್ಟದ ಕೆಳಗಿನ ಊರಲ್ಲಿ ಇದ್ಯಾ? ಆಸ್ಪತ್ರೆ ಅಂತ ಒಂದಿರಬೇಕಲ್ಲ."

"ಇರಬಹುದು. ಯಾಕೆ?"

"ಸೋಮವಾರ ಇಲ್ಲಿ ಮಾಡಿಸ್ಕೊಂಡು ಮಂಗಳವಾರ ಹೊರಟ್ರೆ, ಬುಧವಾರ ಅಲ್ಲಿ ಮಾಡಿಸ್ಕೋಬಹುದು. ಚರ್ಚಿನ ವ್ಯಾನು ಕೇಳ್ತೀನಿ."

"ಹನ್ನೆರಡು ಗಂಟೆ ದಾರಿ ಅಕ್ಕ! ಡಾಕ್ಟ್ರು ಏನಂದಿದ್ದಾರೆ? ಒಂದು ಗಂಟೆಗಿಂತ ಜಾಸ್ತಿ ಕಾರಲ್ಲಿ ಕೂರಬಾರ್ದು ಅಂದಿಲ್ವಾ? ನೀನು ಬರಕೂಡದು."

"ನೋಡು, ಬುದ್ಧಿ ಹೇಳೋಕೆ ಬಂದ" ಎಂದಳು ಓಷಿ. "ಬರಲ್ಲ ಅಂತ ನಾನು ಯಾವ ಕಾಗದಕ್ಕೂ ಸೈನ್ ಹಾಕಿಲ್ಲ."